ಆಲ್ಕೋಮೀಟರ್ 68 ತೋರಿಸಿದ ಮೇಲೆ: ನನ್ನ ಡಿ.ಡಿ. (ಕುಡಿದು ಗಾಡಿ ಓಡಿಸಿದ ಆರೋಪದ) ಕೇಸಿನ 19 ತಿಂಗಳು

ಹೋದ ವಾರ ಕೋರ್ಟಿನ ನಕಲು ಶಾಖೆಯಿಂದ ತೀರ್ಪಿನ ಪ್ರತಿ ಕೈಗೆ ಬಂತು. ಮನೆಗೆ ತಂದು ಅಮ್ಮನಿಗೆ ಓದಿ ಹೇಳಿದೆ. ಆಮೇಲೆ ಇದನ್ನು ಬರೆಯಲು ಕೂತೆ. ಈ 19 ತಿಂಗಳಲ್ಲಿ ತಿಳಿದದ್ದು ಮೊದಲ ರಾತ್ರಿಯೇ ತಿಳಿದಿದ್ದರೆ ನನಗೆ ಅರ್ಧ ಅಲೆದಾಟ ತಪ್ಪುತ್ತಿತ್ತು. ಬೇರೆಯವರಿಗಾದರೂ ತಪ್ಪಲಿ.

ನನಗೆ 44 ವರ್ಷ. ಮಲೆನಾಡಿನ ಒಂದು ಊರಲ್ಲಿ ಮೆಡಿಕಲ್ ರೆಪ್ ಕೆಲಸ. ದಿನಕ್ಕೆ 60, 70 ಕಿಲೋಮೀಟರ್ ಬೈಕ್ ಓಡಿಸಬೇಕು. ಡಿ.ಎಲ್. ಇಲ್ಲ ಅಂದರೆ ಕೆಲಸ ಇಲ್ಲ. ಕುಡಿಯೋದೇ ಇಲ್ಲ ಅಂತ ಹೇಳುವುದಿಲ್ಲ, ವರ್ಷಕ್ಕೆ ನಾಲ್ಕೈದು ಸಲ ಉಂಟು. ಆದರೆ ಅವತ್ತು ಕುಡಿದಿರಲಿಲ್ಲ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಕುಡಿದು ಗಾಡಿ ಓಡಿಸಿ ಈಗ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿರುವವರಿಗಾಗಿ ಇದನ್ನು ಬರೆದಿಲ್ಲ. ನಮ್ಮ ಪಕ್ಕದ ಬೀದಿಯ ಹುಡುಗನೊಬ್ಬ ಅಂಥವನ ಕಾರಿಗೆ ಸಿಕ್ಕಿ ಒಂದು ಕಾಲು ಕಳೆದುಕೊಂಡಿದ್ದಾನೆ. ತಪಾಸಣೆ ನಡೆಯಲೇಬೇಕು. ಆದರೆ ಸರಿಯಾಗಿ ನಡೆಯಬೇಕು.

2023ರ ಜುಲೈ, ಹಿಡಿದ ಮಳೆ ಬಿಡದ ದಿನಗಳು. ನನಗೆ ಸೊಂಟನೋವು. ಊಟ ಆದಮೇಲೆ ದಶಮೂಲಾರಿಷ್ಟ ಕುಡಿಸುವುದು ಅಮ್ಮನ ಪದ್ಧತಿ. ಆ ರಾತ್ರಿ ಭಾವ 10 ಗಂಟೆ ಬಸ್ಸಿಗೆ ಬರುವವರಿದ್ದರು. ರೇನ್‌ಕೋಟ್ ಹಾಕಿ ಬೈಕ್ ಸ್ಟಾರ್ಟ್ ಮಾಡಿದ್ದೆ. ಅಮ್ಮ ಸ್ಟೀಲ್ ಲೋಟ ಹಿಡಿದು ಜಗಲಿಗೆ ಬಂದರು. "ಔಷಧಿ ಮರೆತು ಹೊರಟೆಯಲ್ಲೋ" ಅಂದರು. ಎರಡು ಮುಚ್ಚಳ ಅರಿಷ್ಟ, ನೀರು ಬೆರೆಸಿರಲಿಲ್ಲ. ಒಂದೇ ಗುಟುಕಿಗೆ ಕುಡಿದು, ಹೆಲ್ಮೆಟ್ ಹಾಕಿ ಹೊರಟೆ. ಬಾಯಿ ಮುಕ್ಕಳಿಸಲಿಲ್ಲ.

ನಮ್ಮ ಬೀದಿ ಮುಗಿಯುವ ಸರ್ಕಲ್‌ನಲ್ಲೇ ಬ್ಯಾರಿಕೇಡ್ ಹಾಕಿದ್ದರು. ಮನೆಯಿಂದ ಅರ್ಧ ಕಿಲೋಮೀಟರ್ ಕೂಡ ಇಲ್ಲ.

"ಊದ್ರಿ ಸರ್. ಇನ್ನೂ ಜೋರಾಗಿ. ಬಿಡ್ಬೇಡಿ, ಊದ್ತಾ ಇರಿ." ಊದಿದೆ. ಯಂತ್ರ ಕೂಗಿತು. 68.

ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಅಪರಾಧ. ನನ್ನದು ಅದರ ಎರಡು ಪಟ್ಟಿಗಿಂತ ಜಾಸ್ತಿ. ನಾನು ಕುಡಿದಿಲ್ಲ ಅಂದೆ. ಎಲ್ಲರೂ ಹಾಗೇ ಹೇಳ್ತಾರೆ ಅಂದರು. ಇನ್ನೊಂದು ಸಲ ಊದುತ್ತೇನೆ ಅಂದೆ. ಹಿಂದೆ ಸಾಲಿದೆ, ಪಕ್ಕಕ್ಕೆ ಬನ್ನಿ ಅಂದರು. ರಕ್ತ ಪರೀಕ್ಷೆ ಮಾಡಿಸಿ ಅಂದಿದ್ದಕ್ಕೆ, ಏನಿದ್ದರೂ ಕೋರ್ಟಲ್ಲಿ ಹೇಳಿ ಅಂದರು. ಬೈಕ್ ಮತ್ತು ಡಿ.ಎಲ್. ಇಟ್ಟುಕೊಂಡು, ಯಂತ್ರದಿಂದ ಬಂದ ಚೀಟಿಗೆ ಸಹಿ ಹಾಕಿಸಿದರು. ಮಳೆಯಲ್ಲಿ ನಿಂತು, ಕೈ ನಡುಗುತ್ತಾ ಸಹಿ ಹಾಕಿದೆ.

ನಾನು ಮಾಡಿದ ದೊಡ್ಡ ತಪ್ಪು ಅದೇ. ಸಹಿ ಹಾಕಿದ್ದು ತಪ್ಪಲ್ಲ, ಬರೀ ಸಹಿ ಹಾಕಿದ್ದು ತಪ್ಪು. "ಮತ್ತೆ ಊದುತ್ತೇನೆ ಅಂದೆ, ರಕ್ತ ಪರೀಕ್ಷೆ ಕೇಳಿದೆ" ಅಂತ ಸಹಿಯ ಕೆಳಗೆ ಒಂದು ಸಾಲು ಬರೆದು, ಟೈಮ್ ಹಾಕಬೇಕಿತ್ತು. ಊದುವುದಿಲ್ಲ ಅಂತ ಮಾತ್ರ ಯಾವತ್ತೂ ಹಟ ಮಾಡಬೇಡಿ. ಕಾರಣವಿಲ್ಲದೆ ನಿರಾಕರಿಸಿದರೆ ಅದೇ ನಿಮ್ಮ ವಿರುದ್ಧ ನಿಲ್ಲುತ್ತದೆ. ಹಾಗೇ, 185ಕ್ಕೆ ರಸ್ತೆಯಲ್ಲೇ ದಂಡ ಕಟ್ಟಿಸಿಕೊಳ್ಳುವಂತಿಲ್ಲ, ಅದು ಕೋರ್ಟಿನಲ್ಲೇ ಆಗಬೇಕು.

ಭಾವ ಆಟೋ ಹಿಡಿದು ಸರ್ಕಲ್‌ಗೇ ಬಂದರು. ಅವರು ಬೇರೆ ಜಿಲ್ಲೆಯ ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಷಿಯನ್. "ಸಂಜೆಯಿಂದ ಏನೇನು ತಗೊಂಡೆ, ಒಂದೊಂದೇ ಹೇಳು" ಅಂದರು. ಚಹಾ, ಊಟ, ಮಜ್ಜಿಗೆ... ಅರಿಷ್ಟ ಅಂದ ತಕ್ಷಣ ನನ್ನ ಭುಜ ಹಿಡಿದುಕೊಂಡರು. "ಎಷ್ಟು ಹೊತ್ತಿಗೆ?" "ಹೊರಡೋವಾಗ. ನಾಲ್ಕು ನಿಮಿಷ ಆಗಿತ್ತೇನೋ." "ನಡಿ, ಈಗಲೇ ರಕ್ತ ಕೊಡೋಣ."

ಮೊದಲು ಹೋದ ಆಸ್ಪತ್ರೆಯಲ್ಲಿ ಆಗಲ್ಲ ಅಂದರು. ಇದು ಎಂ.ಎಲ್.ಸಿ., ಅಂದರೆ ಪೊಲೀಸ್ ಕೇಸಿಗೆ ಸೇರಿದ ಪರೀಕ್ಷೆ, ಪೊಲೀಸರ ಪತ್ರ ಬೇಕು ಅಂದರು. ಅವರ ಭಯ ಅರ್ಥವಾಗುತ್ತದೆ. ಆಮೇಲೆ ನನ್ನ ಕೆಲಸದಿಂದ ಪರಿಚಯವಿದ್ದ ಡಾಕ್ಟರೊಬ್ಬರ ನರ್ಸಿಂಗ್ ಹೋಂಗೆ ಹೋದೆವು. ಅವರು ಇದು ಪೊಲೀಸ್ ಕೇಸಿನ ಸ್ಯಾಂಪಲ್ ಅಲ್ಲ, ರೋಗಿ ತಾನಾಗಿ ಕೇಳಿದ ಪರೀಕ್ಷೆ ಅಂತ ರಿಜಿಸ್ಟರ್‌ನಲ್ಲಿ ಬರೆದು, ಚೀಟಿ ಕೊಟ್ಟರು. ಸಿಸ್ಟರ್ ರೂಢಿಯಂತೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿ ತೆಗೆದರು. ಭಾವ ತಕ್ಷಣ ತಡೆದರು. ಸ್ಪಿರಿಟ್ ಅಂದರೂ ಆಲ್ಕೋಹಾಲೇ ಅಲ್ವಾ! ಅದು ಸೂಜಿಯ ಜೊತೆ ಸ್ಯಾಂಪಲ್‌ಗೆ ಸೇರಿದರೆ, ಇಲ್ಲಾ ಸೇರಿರಬಹುದು ಅಂತ ಯಾರಾದರೂ ಕೇಳಿದರೆ, ಇಡೀ ಪರೀಕ್ಷೆ ವ್ಯರ್ಥ. ಸೋಪು ನೀರಿನಲ್ಲಿ ತೋಳು ತೊಳೆದು, ಅಯೋಡಿನ್ ಹಚ್ಚಿ, ಒಣಗಿದ ಮೇಲೆ ರಕ್ತ ತೆಗೆದರು. ಸಕ್ಕರೆ ಪರೀಕ್ಷೆಗೆ ಬಳಸುವ ಬೂದು ಮುಚ್ಚಳದ ಟ್ಯೂಬಿಗೆ ತುಂಬಿದರು. ಅದರಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ, ರಕ್ತ ಹುದುಗಿ ಆಲ್ಕೋಹಾಲ್ ಹುಟ್ಟುವುದನ್ನು ತಡೆಯುತ್ತದೆ. "ಸ್ಪಿರಿಟ್ ಬಳಸಿಲ್ಲ" ಅಂತಲೂ, 11:25 ಅಂತ ಸಮಯವನ್ನೂ ಡಾಕ್ಟರ್ ಬರೆದರು. ಆ ಒಂದು ಸಾಲು ಒಂದೂವರೆ ವರ್ಷದ ಮೇಲೆ ನನ್ನ ಕೈ ಹಿಡಿಯಿತು.

ರಿಪೋರ್ಟ್ ಎರಡು ದಿನಕ್ಕೆ ಬಂತು. 10 ಮಿಲಿಗ್ರಾಂಗಿಂತ ಕಡಿಮೆ. ಲ್ಯಾಬಿನ ಯಂತ್ರ ಅದಕ್ಕಿಂತ ಕೆಳಗೆ ಅಳೆಯುವುದಿಲ್ಲವಂತೆ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ದೇಹ ಸಾಮಾನ್ಯವಾಗಿ ನೂರು ಮಿಲಿಲೀಟರ್ ರಕ್ತಕ್ಕೆ ಗಂಟೆಗೆ 10ರಿಂದ 20 ಮಿಲಿಗ್ರಾಂ ಲೆಕ್ಕದಲ್ಲಿ ಆಲ್ಕೋಹಾಲ್ ಇಳಿಸುತ್ತದೆ. ನಾನು ಊದಿದ್ದು 9:52ಕ್ಕೆ, ರಕ್ತ ಕೊಟ್ಟಿದ್ದು 93 ನಿಮಿಷ ಕಳೆದು. ಊದುವಾಗ ರಕ್ತದಲ್ಲಿ ನಿಜವಾಗಿ 68 ಇದ್ದಿದ್ದರೆ, ಎಷ್ಟು ಬೇಗ ಇಳಿದರೂ ರಕ್ತ ಕೊಡುವಾಗ 35ರ ಮೇಲೆಯೇ ಇರಬೇಕಿತ್ತು.

ಹಾಗಾದರೆ 68 ಎಲ್ಲಿಂದ ಬಂತು? ಅರಿಷ್ಟಗಳನ್ನು ಹುದುಗಿಸಿಯೇ ತಯಾರಿಸುತ್ತಾರೆ. ನಮ್ಮ ಮನೆಯ ಸೀಸೆ ಮೇಲೆ ತಾನಾಗಿ ಹುಟ್ಟಿದ ಆಲ್ಕೋಹಾಲ್ ಶೇ. 5ರಿಂದ 10 ಅಂತ ಸಣ್ಣ ಅಕ್ಷರದಲ್ಲಿದೆ. ಎರಡು ಮುಚ್ಚಳ ಅಂದರೆ ಸುಮಾರು 30 ಮಿಲಿ. ಅದರಲ್ಲಿ ಶುದ್ಧ ಆಲ್ಕೋಹಾಲ್ ಜಾಸ್ತಿ ಅಂದರೆ 3 ಮಿಲಿ. ಅಷ್ಟರಿಂದ ನನ್ನ ತೂಕದವನ ರಕ್ತದಲ್ಲಿ 5ರ ಆಸುಪಾಸು ಬರಬಹುದು, 30 ಬರುವುದಿಲ್ಲ. ಆದರೆ ಯಂತ್ರ ರಕ್ತ ನೋಡುವುದಿಲ್ಲ, ಉಸಿರು ನೋಡುತ್ತದೆ. ಶ್ವಾಸಕೋಶದಿಂದ ಬಂದ ಉಸಿರಿನಲ್ಲಿ ಒಂದು ಪಾಲಿದ್ದರೆ ರಕ್ತದಲ್ಲಿ 2100 ಪಾಲು ಇರುತ್ತದೆ ಅನ್ನುವ ಅಂದಾಜಿನಲ್ಲಿ ಗುಣಿಸಿ ಹೇಳುತ್ತದೆ. ಆಗಷ್ಟೇ ಕುಡಿದದ್ದು ಒಸಡು, ನಾಲಿಗೆಗೆ ಅಂಟಿದ್ದರೆ ಅದೂ ಉಸಿರಿಗೆ ಸೇರಿ, ಅದನ್ನೂ 2100ರಿಂದಲೇ ಗುಣಿಸಿಬಿಡುತ್ತದೆ. ಬಾಯಲ್ಲಿ ಉಳಿದ ಆಲ್ಕೋಹಾಲ್ ಹೋಗಲು ಸುಮಾರು 15 ನಿಮಿಷ ಬೇಕು. ಅದಕ್ಕೇ ಅಷ್ಟು ಹೊತ್ತು ಏನೂ ತಿನ್ನಿಸದೆ, ಕುಡಿಸದೆ ಕಾಯಿಸಿ ಮತ್ತೆ ಊದಿಸಬೇಕು. ಮೌತ್‌ವಾಶ್, ಕೆಲವು ಕೆಮ್ಮಿನ ಸಿರಪ್, ಹೋಮಿಯೋಪತಿ ಹನಿಗಳ ವಿಷಯದಲ್ಲೂ ಇದೇ ಮಾತು.

ನೀವು ನಿಜವಾಗಿ ಕುಡಿದಿದ್ದರೆ 15 ನಿಮಿಷ ಕಾದು ಊದಿದರೂ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಅರಿಷ್ಟ ಕುಡಿದಿದ್ದರೆ ಇಳಿದುಹೋಗುತ್ತದೆ. 15 ನಿಮಿಷದಲ್ಲಿ ಮುಗಿಯುವ ವಿಷಯ ನನಗೆ 19 ತಿಂಗಳು ಹಿಡಿಯಿತು.

ಮೊದಲು ನೋಡಿದ ವಕೀಲರು, "10,000 ದಂಡ, ನನಗೆ 2,000. ಒಂದೇ ದಿನದ ಕೆಲಸ, ಸುಮ್ನೆ ಒಪ್ಕೊಂಡುಬಿಡಿ" ಅಂದರು. ಒಂದು ರಾತ್ರಿ ಯೋಚಿಸಿದೆ. ಮೊದಲ ಸಲಕ್ಕೆ 10,000 ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಎರಡನೇ ಸಲ ಅಂತಾದರೆ 15,000 ದಂಡ, ಇಲ್ಲಾ ಎರಡು ವರ್ಷದವರೆಗೆ ಜೈಲು, ಇಲ್ಲಾ ಎರಡೂ. ದಂಡ ಕಟ್ಟಿದರೆ ತಪ್ಪು ಮಾಡಿದ್ದೇನೆ ಅಂತ ಒಪ್ಪಿದ ಹಾಗೆ. ಕಂಪನಿಯ ಅರ್ಜಿಯಲ್ಲಿ "ಯಾವುದಾದರೂ ಪ್ರಕರಣದಲ್ಲಿ ಶಿಕ್ಷೆ ಆಗಿದೆಯೇ" ಅಂತ ಕೇಳುತ್ತಾರೆ. ಹೌದು ಅಂತ ಬರೆಯಲು ನನ್ನ ಮನಸ್ಸು ಒಪ್ಪಲಿಲ್ಲ.

ಎರಡನೆಯವರು ಮೇಡಂ, ನನಗಿಂತ ಚಿಕ್ಕವರು. ಕಾಗದ ಎಲ್ಲ ನೋಡಿ ಹೇಳಿದರು: "ಯಂತ್ರ ಸುಳ್ಳು ಅಂತ ವಾದ ಮಾಡಿ ಪ್ರಯೋಜನ ಇಲ್ಲ ಸರ್. ಉಸಿರಿನ ಪರೀಕ್ಷೆಯನ್ನ ಸಾಕ್ಷಿಯಾಗಿ ತಗೋಬಹುದು ಅಂತ 203ನೇ ಸೆಕ್ಷನ್ನೇ ಹೇಳುತ್ತೆ. ಆ ರಾತ್ರಿ, ಆ ಒಂದು ಯಂತ್ರ, ನಿಮ್ಮ ಬಾಯಿ. ಇಷ್ಟರ ಬಗ್ಗೆ ಮಾತ್ರ ಮಾತಾಡೋಣ." ಫೀಸು 30,000, ನಾಲ್ಕು ಕಂತಿನಲ್ಲಿ. ಅಷ್ಟು ಹಣ ಹಾಕಿ ಯಾಕೆ ಅಂತ ಮನೆಯಲ್ಲೂ ಕೇಳಿದರು. ಅಮ್ಮ ಕೇಳಲಿಲ್ಲ. ತನ್ನಿಂದಲೇ ಹೀಗಾಯಿತು ಅಂತ ಅವರು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು.

ಬೈಕ್ ಬಿಡಿಸಲು ಒಂಬತ್ತು ದಿನ ಬೇಕಾಯಿತು. ಕೇಸು ಮುಗಿಯುವವರೆಗೆ ಗಾಡಿ ಠಾಣೆಯಲ್ಲೇ ಇರಬೇಕು ಅಂತೇನಿಲ್ಲ. ಹಿಡಿದ ಗಾಡಿಗಳನ್ನು ಠಾಣೆ ಮುಂದೆ ತುಕ್ಕು ಹಿಡಿಸಬಾರದು ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಆರ್.ಸಿ., ವಿಮೆ, ಆಧಾರ್ ಜೊತೆ ಅರ್ಜಿ ಹಾಕಿ, ಮುಚ್ಚಳಿಕೆ ಬರೆದುಕೊಟ್ಟು ತಂದೆ. ಆಗ ಅದು ದಂಡ ಪ್ರಕ್ರಿಯಾ ಸಂಹಿತೆಯ 451 ಮತ್ತು 457. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ 497 ಮತ್ತು 503.

ಡಿ.ಎಲ್. ವಿಷಯ ಬೇರೆ. ಅದನ್ನು ಪೊಲೀಸರು ಆರ್.ಟಿ.ಒ.ಗೆ ಕಳಿಸುತ್ತಾರೆ. ಅಲ್ಲಿಂದ ನೋಟಿಸ್ ಬಂತು. ಕೇಸು ಕೋರ್ಟಲ್ಲಿದೆ, ಅದು ಮುಗಿಯುವವರೆಗೆ ಇವರು ಏನೂ ಮಾಡುವುದಿಲ್ಲ ಅಂದುಕೊಂಡಿದ್ದೆ. ಹಾಗಲ್ಲ. ಎರಡೂ ಬೇರೆ ಬೇರೆ ದಾರಿ. ಉತ್ತರ ಕೊಡಲು ತಡ ಮಾಡಿದೆ, ಮೂರು ತಿಂಗಳು ಅಮಾನತು ಮಾಡಿದರು. ಆ ಆದೇಶದ ಮೇಲೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು ಅಂತ ಗೊತ್ತಾಗುವಾಗ 41 ದಿನ ಆಗಿತ್ತು. ಮೂರು ತಿಂಗಳು ಸ್ಯಾಂಪಲ್ ಬ್ಯಾಗ್ ಹೆಗಲಿಗೆ ಹಾಕಿ ಬಸ್ಸಲ್ಲಿ ಓಡಾಡಿದೆ. ಒಂದೊಂದು ಕ್ಲಿನಿಕ್ಕಿನಲ್ಲೂ "ಬೈಕ್ ಎಲ್ಲಿ?" ಅಂತ ಕೇಳುವವರೇ.

ಯಂತ್ರದ ದಾಖಲೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ನಮ್ಮ ರಾಜ್ಯದಲ್ಲಿ ಅದಕ್ಕೆ ನಮೂನೆ 'ಎ', ಜೊತೆಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್. 150 ಪದ ದಾಟಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. ನನ್ನ ಮೊದಲ ಅರ್ಜಿ ಮೂರು ಪುಟ ಇತ್ತು, ವಾಪಸ್ ಬಂತು. ಆಮೇಲೆ ಎರಡು ಅರ್ಜಿ ಹಾಕಿದೆ. ಒಂದರಲ್ಲಿ ಚೀಟಿಯಲ್ಲಿದ್ದ ಸೀರಿಯಲ್ ನಂಬರ್ ಬರೆದು, ಆ ಯಂತ್ರದ ಕ್ಯಾಲಿಬ್ರೇಶನ್ (ಅಳತೆ ಸರಿಯಿದೆಯೇ ಅಂತ ಪರೀಕ್ಷಿಸಿ ಸರಿಹೊಂದಿಸುವುದು) ಪ್ರಮಾಣಪತ್ರ ಕೇಳಿದೆ. ಇನ್ನೊಂದರಲ್ಲಿ ಅದರ ಬಳಕೆಯ ಕೈಪಿಡಿ. ತನಿಖೆಗೆ ಅಡ್ಡಿಯಾಗುತ್ತದೆ ಅಂತ ಕೊಡಲಿಲ್ಲ. ಮೊದಲ ಮೇಲ್ಮನವಿ ಹಾಕಿದ ಮೇಲೆ ಪ್ರಮಾಣಪತ್ರದ ಜೆರಾಕ್ಸ್ ಬಂತು. ನಾನು ಊದುವುದಕ್ಕೆ 11 ತಿಂಗಳ ಹಿಂದಿನದು. ಕೈಪಿಡಿ ಕೋರ್ಟಿನ ಮೂಲಕ ತರಿಸಬೇಕಾಯಿತು. ಅದರಲ್ಲಿ ಆರು ತಿಂಗಳಿಗೊಮ್ಮೆ ಕ್ಯಾಲಿಬ್ರೇಶನ್ ಮಾಡಿಸಬೇಕು, ಏನಾದರೂ ಕುಡಿದಿದ್ದರೆ 15 ನಿಮಿಷ ಕಾಯಬೇಕು ಅಂತ ಅಚ್ಚಾಗಿತ್ತು. ಓದಿದಾಗ ಕಣ್ಣು ತುಂಬಿತು.

ಕೋರ್ಟಿನ ಮೊದಲ ದಿನ ನನ್ನ ಮುಂದೆ ಎಂಟು ಜನ ಡಿ.ಡಿ. ಕೇಸಿನವರು. ತಪ್ಪು ಒಪ್ಕೊತೀರಾ ಅಂತ ಕೇಳಿದರೆ ಒಬ್ಬೊಬ್ಬರೂ "ಒಪ್ಕೊತೀನಿ ಸ್ವಾಮಿ" ಅಂತ ದಂಡ ಕಟ್ಟಿ ಹೋದರು. ಅರ್ಧ ಗಂಟೆಯಲ್ಲಿ ಎಂಟೂ ಮುಗಿದವು. ನಾನು "ಇಲ್ಲ ಸ್ವಾಮಿ" ಅಂದಾಗ ಬೆಂಚ್ ಕ್ಲರ್ಕ್ ತಲೆ ಎತ್ತಿ ನೋಡಿದರು.

ಅಲ್ಲಿಂದ ಬರೀ ವಾಯಿದೆಗಳು. ಒಟ್ಟು 17. ಸಾಕ್ಷಿ ಬಂದಿಲ್ಲ, ಸಾಹೇಬರು ರಜೆ, ವಕೀಲರ ಕಲಾಪ ಬಹಿಷ್ಕಾರ, ಮತ್ತೆ ಸಾಕ್ಷಿ ಬಂದಿಲ್ಲ. ಬೆಳಿಗ್ಗೆ 11ಕ್ಕೆ ಹೋಗಿ ಕೂತರೆ ಮೂರು ಗಂಟೆಗೆ ಮುಂದಿನ ತಾರೀಕು. ಎಷ್ಟೇ ಬೇಜಾರಾದರೂ ತಪ್ಪಿಸಬೇಡಿ, ಒಂದು ಸಲ ಹೋಗದಿದ್ದರೂ ವಾರಂಟ್ ಆಗಬಹುದು. ಆರೋಗ್ಯ ಸರಿಯಿಲ್ಲದಿದ್ದರೆ ವಕೀಲರಿಗೆ ಬೆಳಿಗ್ಗೆಯೇ ಹೇಳಿ ಅರ್ಜಿ ಹಾಕಿಸಿ.

ಈಗ ಚೀಟಿಯ ಕಥೆ. ಅದು ಬಸ್ ಟಿಕೆಟ್‌ನಂಥ ಕಾಗದ, ಶಾಖ ತಾಗಿಸಿ ಅಚ್ಚು ಹಾಕುವಂಥದ್ದು. ನನ್ನ ಪ್ರತಿಯನ್ನು ಲ್ಯಾಮಿನೇಶನ್ ಮಾಡಿಸಲು ಕೊಂಡೊಯ್ದಿದ್ದೆ. ಅಂಗಡಿ ಹುಡುಗ ಕೈಯಲ್ಲಿ ಮುಟ್ಟಿ ನೋಡಿ, "ಅಣ್ಣಾ, ಇದನ್ನ ಮಿಷಿನ್ನಿಗೆ ಹಾಕಿದ್ರೆ ಪೂರ್ತಿ ಕಪ್ಪಾಗುತ್ತೆ" ಅಂದ. ಅವನು ಹೇಳದಿದ್ದರೆ ಅಷ್ಟೇ ಆಗಿತ್ತು. ಅಲ್ಲೇ ನಾಲ್ಕು ಜೆರಾಕ್ಸ್ ತೆಗೆಸಿದೆ. ಆ ರಾತ್ರಿಯೇ ಭಾವ ಮೊಬೈಲಿನಲ್ಲಿ ಫೋಟೋ ಕೂಡ ಹೊಡೆದಿದ್ದರು. ಒಂದು ವರ್ಷದ ಮೇಲೆ, ಕೋರ್ಟಿನ ಕಡತದಲ್ಲಿ ನಿ.ಪಿ.2 ಅಂತ ಗುರುತು ಹಾಕಿದ್ದ ಪೊಲೀಸರ ಕಡೆಯ ಚೀಟಿಯನ್ನು ಸಾಕ್ಷಿಗೆ ತೋರಿಸಿದಾಗ, ಅದರಲ್ಲಿ ನನ್ನ ಬಾಲ್‌ಪೆನ್ ಸಹಿ ಮಾತ್ರ ಉಳಿದಿತ್ತು. ಉಳಿದದ್ದೆಲ್ಲ ಮಾಸಿ, ಹಳದಿ ಕಾಗದ. ಮಾಸಿದ್ದು ಒಳ್ಳೆಯದೇ ಆಯಿತು ಅಂತ ಪಕ್ಕದವರು ಪಿಸುಗುಟ್ಟಿದರು. ನನಗೆ ಹಾಗನ್ನಿಸಲಿಲ್ಲ. ಊದಿದ ಸಮಯ, ಯಂತ್ರದ ನಂಬರ್, ಕೊನೆಯ ಕ್ಯಾಲಿಬ್ರೇಶನ್ ತಾರೀಕು, ಇವೆಲ್ಲ ನನಗೆ ಬೇಕಾದ ಸಾಕ್ಷಿ. ಮೇಡಂ ನಮ್ಮ ಫೋಟೋವನ್ನು, ಅದು ಯಾವ ಮೊಬೈಲಿನಿಂದ ಹೇಗೆ ಬಂತು ಅಂತ ದೃಢಪಡಿಸುವ, ಆಗಿನ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರದ ಜೊತೆ ಹಾಜರುಪಡಿಸಿದರು. ಮೊಬೈಲ್ ಫೋಟೋವನ್ನು ಸುಮ್ನೆ ಪ್ರಿಂಟ್ ತೆಗೆದು ಕೊಟ್ಟರೆ ಒಪ್ಪುವುದಿಲ್ಲ, ಅಂಥ ಪ್ರಮಾಣಪತ್ರ ಬೇಕು.

ಊದಿಸಿದ ಪೊಲೀಸರಿಗೆ ಮೇಡಂ ಮಾಡಿದ ಪಾಟೀ ಸವಾಲು 20 ನಿಮಿಷವೂ ನಡೆಯಲಿಲ್ಲ. ನನಗೆ ನೆನಪಿರುವಷ್ಟು ಬರೆಯುತ್ತೇನೆ.

"ಊದಿಸುವ ಮೊದಲು ಎಷ್ಟು ಹೊತ್ತು ಕಾಯಿಸಿದಿರಿ?"

"ಕಾಯಿಸಿಲ್ಲ. ನಿಲ್ಲಿಸಿದ ತಕ್ಷಣ ಊದಿಸಿದೆವು."

"ಏನಾದರೂ ಔಷಧಿ ತಗೊಂಡಿದ್ದೀರಾ ಅಂತ ಕೇಳಿದಿರಾ?"

"ಇಲ್ಲ."

"ರಕ್ತ ಪರೀಕ್ಷೆಗೆ ಯಾಕೆ ಕಳಿಸಲಿಲ್ಲ?"

"ಬಂಧಿಸಿರಲಿಲ್ಲ. ಅಗತ್ಯ ಕಾಣಲಿಲ್ಲ."

ಈ ಕೊನೆಯ ಉತ್ತರ ಗಮನಿಸಿ. ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯರಿಂದ ಪರೀಕ್ಷೆ ಮಾಡಿಸಲೇಬೇಕು, ಇಲ್ಲದಿದ್ದರೆ ಬಿಡಬೇಕು ಅಂತ 202ನೇ ಸೆಕ್ಷನ್ ಹೇಳುತ್ತದೆ. ಬಂಧನ ಅಂತ ತೋರಿಸದೆ ಗಾಡಿ ಮಾತ್ರ ಇಟ್ಟುಕೊಂಡರೆ ಆ ಪ್ರಶ್ನೆಯೇ ಬರುವುದಿಲ್ಲ. ಹಾಗಾಗಿ ನಿಮ್ಮ ರಕ್ತ ನೀವೇ ಹೋಗಿ ಕೊಡಬೇಕು, ಅದೂ ಎರಡು ಗಂಟೆಯೊಳಗೆ. ಮಾರನೇ ದಿನ ಕೊಟ್ಟರೆ ಏನೂ ಉಪಯೋಗ ಇಲ್ಲ.

ಬಾಯಲ್ಲಿ ಮದ್ಯದ ವಾಸನೆ ಇತ್ತು ಅಂತ ಇನ್ನೊಬ್ಬ ಸಾಕ್ಷಿ ಹೇಳಿದರು. ಅರಿಷ್ಟದ ವಾಸನೆಯೂ ಹಾಗೇ ಇರುತ್ತದೆ. ವಾಸನೆ, ತೊದಲು ಮಾತು ಇಷ್ಟರಿಂದಲೇ ಕುಡಿದಿದ್ದ ಅಂತ ಹೇಳಲಾಗದು ಅನ್ನುವ ಸುಪ್ರೀಂ ಕೋರ್ಟಿನ 1971ರ ಬಚ್ಚುಭಾಯಿ ಕರ್ಯಾನಿ ತೀರ್ಪನ್ನು ಮೇಡಂ ಕೊಟ್ಟರು.

ನಮ್ಮ ಕಡೆಯ ಡಾಕ್ಟರನ್ನು ಕರೆಸುವುದೇ ಕಷ್ಟವಾಯಿತು. ಎರಡು ವಾಯಿದೆಗೆ ಆಪರೇಶನ್ ಇತ್ತು, ಬರಲಾಗಲಿಲ್ಲ. ಮೂರನೇ ಸಲ ಬಂದರು. ಸರ್ಕಾರಿ ವಕೀಲರು ಅವರನ್ನು ಗಟ್ಟಿಯಾಗಿಯೇ ಕೇಳಿದರು. "ಆರೋಪಿ ನಿಮಗೆ ಪರಿಚಯ ಅಲ್ವಾ?" "ಹೌದು." "ಟ್ಯೂಬಿನಲ್ಲಿದ್ದದ್ದು ಇವರದೇ ರಕ್ತ ಅಂತ ಹೇಗೆ ಹೇಳ್ತೀರಿ?" ಡಾಕ್ಟರ್ ರಿಜಿಸ್ಟರ್ ತೆರೆದು, ಸಮಯ, ಸಿಸ್ಟರ್ ಸಹಿ, ಸ್ಪಿರಿಟ್ ಬಳಸಿಲ್ಲ ಅನ್ನುವ ಸಾಲು ಎಲ್ಲ ತೋರಿಸಿದರು. ಆ ಪ್ರಶ್ನೆ ನ್ಯಾಯವಾದದ್ದೇ. ಪರಿಚಯವಿಲ್ಲದ ಆಸ್ಪತ್ರೆ ಸಿಕ್ಕಿದರೆ ಅಲ್ಲಿಗೇ ಹೋಗಿ.

2025ರ ಫೆಬ್ರವರಿಯಲ್ಲಿ ತೀರ್ಪು. "ಖುಲಾಸೆ" ಅನ್ನುವ ಪದ ಕೇಳಿದ್ದು ಗೊತ್ತು, ಆಮೇಲಿನದು ಕಿವಿಗೆ ಬೀಳಲಿಲ್ಲ. ಪ್ರತಿ ಸಿಕ್ಕ ಮೇಲೆ ಓದಿದೆ. ಕ್ಯಾಲಿಬ್ರೇಶನ್ ಅವಧಿ ಮೀರಿತ್ತು, ಕಾಯಿಸದೆ ಊದಿಸಿದ್ದಾರೆ, ಎರಡನೇ ಸಲ ಊದಿಸಿಲ್ಲ, ರಕ್ತ ಪರೀಕ್ಷೆ ಮಾಡಿಸಿಲ್ಲ, ಹಾಗಾಗಿ ಸಂಶಯದ ಲಾಭ ಆರೋಪಿಗೆ. ಅರಿಷ್ಟದ ವಿಷಯಕ್ಕೆ ಹೋಗುವ ಅಗತ್ಯ ಇಲ್ಲ ಅಂತ ಒಂದೇ ಸಾಲು. ನಾನು ಕುಡಿದಿರಲಿಲ್ಲ ಅಂತ ಎಲ್ಲೂ ಬರೆದಿಲ್ಲ. ಎರಡು ದಿನ ಆ ಬೇಸರ ಇತ್ತು. "ಕೋರ್ಟು ಅದನ್ನ ಬರೆಯೋದಿಲ್ಲ ಸರ್, ಸಾಬೀತಾಗಿಲ್ಲ ಅಂತಷ್ಟೇ ಬರೆಯುತ್ತೆ" ಅಂತ ಮೇಡಂ ಹೇಳಿದರು.

ಖರ್ಚು ಕೇಳುವವರಿಗಾಗಿ: ವಕೀಲರಿಗೆ 30,000. ಲ್ಯಾಬು, ನರ್ಸಿಂಗ್ ಹೋಂ 1,700. ಮುಚ್ಚಳಿಕೆ, ನೋಟರಿ, ನಕಲು, ಅಂಚೆ ಎಲ್ಲ ಸೇರಿ 2,000ದ ಹತ್ತಿರ. ಬಸ್ಸು, ಆಟೋಗೆ 5,000 ಚಿಲ್ಲರೆ. 12 ದಿನದ ರಜೆ ಬೇರೆ. ದಂಡ ಕಟ್ಟಿದ್ದರೆ 10,000ದಲ್ಲಿ ಮುಗಿಯುತ್ತಿತ್ತು. ಎಲ್ಲರಿಗೂ ಹೀಗೆ ಹೋರಾಡುವ ಶಕ್ತಿ ಇರುವುದಿಲ್ಲ, ಅದು ನನಗೆ ಗೊತ್ತು. ಆ ಎಂಟು ಜನರಲ್ಲಿ ನನ್ನಂಥವರು ಒಬ್ಬರಾದರೂ ಇದ್ದರೇನೋ ಅಂತ ಈಗಲೂ ಯೋಚನೆ ಬರುತ್ತದೆ.

ತೀರ್ಪಿನ ದೃಢೀಕೃತ ಪ್ರತಿ ಮೂರು ತೆಗೆಸಿದ್ದೇನೆ. ನೀವೂ ಒಂದಕ್ಕಿಂತ ಜಾಸ್ತಿ ತೆಗೆಸಿ, ಮತ್ತೆ ಅರ್ಜಿ ಹಾಕಿದರೆ ಮತ್ತೆ ಕಾಯಬೇಕು. ಒಂದು ಆರ್.ಟಿ.ಒ.ಗೆ, ಡಿ.ಎಲ್. ದಾಖಲೆಯಲ್ಲಿರುವ ಅಮಾನತಿನ ಬಗ್ಗೆ ಅರ್ಜಿ ಕೊಡಲು. ಒಂದು ಕಂಪನಿಗೆ. ಮೂರನೆಯದನ್ನು ಅಮ್ಮ ಕೇಳಿ ತೆಗೆದುಕೊಂಡು, ಬೀರುವಿನಲ್ಲಿ ಮನೆಪತ್ರದ ಜೊತೆ ಇಟ್ಟಿದ್ದಾರೆ. ಅರಿಷ್ಟ ಈಗಲೂ ಕೊಡುತ್ತಾರೆ, ಮಲಗುವ ಮುಂಚೆ, ಬೈಕಿನ ಕೀಲಿ ಮೊಳೆಗೆ ಸಿಕ್ಕಿಸಿದ ಮೇಲೆ.